ಮೋರಖಂಡಿಯಲ್ಲಿ ನೆನೆದ ಲಂಕೆ

ಹುಮನಾಬಾದಿನಿಂದ ಹೊರಟು, ಬಸವಕಲ್ಯಾಣದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಮುಂಜಾನೆ ನಾವು ಮೋರಖಂಡಿಗೆ ಹೋದೆವು. ಮಾಘಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ತೊಗರಿಯ ರಾಶಿ ಮುಗಿದು ಬರಿದಾದ ಹೊಲಗಳ ನಡುವೆ ಬಿಳಿಯ ಜೋಳವು ತೆನೆಹೊತ್ತು ನಿಂತಿದ್ದಿತು. ಅದರಲ್ಲಿ ನೋಡತಕ್ಕ ವಿಶೇಷವೇನು ಎಂದು ವಾಚಕರು ಕೇಳಬಹುದು. ನಮಗೆ ಆತಿಥ್ಯವನ್ನು ಕೊಟ್ಟ ಒಕ್ಕಲಿಗ ಗೃಹಸ್ಥರೂ ರೊಟ್ಟಿ, ಪುಂಡಿಯ ಪಲ್ಯಗಳನ್ನು ನಮ್ಮ ಮುಂದಿಟ್ಟು ಅದನ್ನೇ ಕೇಳಿದರು. ಲಂಕೆಯ ಸಮಾಚಾರವನ್ನು ಹುಡುಕಿಕೊಂಡು ಬಂದೆವೆಂದು ನಾವು ಹೇಳಲು, ಅವರಿಗೆ ನಗು ತಡೆಯಲಾಗಲಿಲ್ಲ. "ಲಂಕೆ ಅಂದರ ಹನುಮಪ್ಪ ಹಾರಿದ ಕಡಲಿನ ಆಚೆ. ನಮ್ಮೂರಿಗೂ ಅದಕ್ಕೂ ಏನು ಸಂಬಂಧರೀ?"

ಸಂಬಂಧವುಂಟು, ಅದೂ ಒಂದಲ್ಲ, ಎರಡು.

ರಾಷ್ಟ್ರಕೂಟರ ಮೂರನೆಯ ಗೋವಿಂದನು ಕ್ರಿ. ಶ. ೮೦೮ರ ಸುಮಾರಿನಲ್ಲಿ ಕೊಟ್ಟ ಕೆಲವು ತಾಮ್ರಶಾಸನಗಳು ಮಯೂರಖಂಡಿಯೆಂಬ ಬೀಡಿನಿಂದ ಹೊರಟವು. ಆ ಮಯೂರಖಂಡಿ ಯಾವುದೆಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಅದು ನಾಸಿಕದ ಸೀಮೆಯ ಒಂದು ಗಿರಿದುರ್ಗವೆಂದು ಕೆಲವರೂ, ಇದೇ ಮೋರಖಂಡಿಯೆಂದು ಕೆಲವರೂ ಹೇಳುತ್ತಾರೆ. ಹೆಸರಿನ ಹೋಲಿಕೆಯೊಂದನ್ನೇ ನಂಬಿ ತೀರ್ಪು ಹೇಳುವ ಧೈರ್ಯ ನಮಗಿಲ್ಲ; ಆದರೆ ಆ ಹೊಲದ ಬದುವಿನ ಮೇಲೆ ಕುಳಿತಿದ್ದಾಗ ಎರಡನೆಯ ಪಕ್ಷಕ್ಕೆ ಮನಸ್ಸು ವಾಲಿತೆಂಬುದನ್ನು ಮುಚ್ಚಿಡಲಾರೆವು.

ಈ ಗೋವಿಂದನು ದಕ್ಷಿಣಕ್ಕೆ ದಂಡೆತ್ತಿ ಹೋಗಿ ಕಂಚಿಯ ಪಲ್ಲವರನ್ನು ಬಗ್ಗಿಸಿದನು. ಅವನ ಮಗ ಅಮೋಘವರ್ಷನು ೮೭೧ರಲ್ಲಿ ಬರೆಯಿಸಿದ ಸಂಜಾನದ ತಾಮ್ರಪಟಗಳು ಒಂದು ವಿಚಿತ್ರವಾದ ಸಂಗತಿಯನ್ನು ತಿಳಿಸುತ್ತವೆ. ಈ ವಿಜಯದ ಸುದ್ದಿ ಕಡಲನ್ನು ದಾಟಿದ ಮೇಲೆ ಲಂಕೆಯಿಂದ ಎರಡು ಪ್ರತಿಮೆಗಳು ಬಂದವಂತೆ. ಒಂದು ಲಂಕೆಯ ಒಡೆಯನದು, ಇನ್ನೊಂದು ಅವನ ಮಂತ್ರಿಯದೆಂದು ಪಂಡಿತರು ಅರ್ಥಮಾಡಿದ್ದಾರೆ. ಗೋವಿಂದನು ಅವನ್ನು ಶಿವಾಲಯದಲ್ಲಿ ಕೀರ್ತಿಸ್ತಂಭಗಳಂತೆ ನಿಲ್ಲಿಸಿದನು. ತಾನು ಬಂದು ತಲೆಬಾಗುವುದರ ಬದಲು ತನ್ನ ಮೂರ್ತಿಯನ್ನು ಕಳುಹಿಸಿಕೊಟ್ಟ ಆ ಅರಸನ ಜಾಣತನವನ್ನು ಮೆಚ್ಚದೆ ಇರಲಾಗದು. ಗೆದ್ದವರು ಅದನ್ನು ಶರಣಾಗತಿಯೆಂದು ಬರೆದುಕೊಂಡರು. ಕಳುಹಿಸಿದವರು ಏನೆಂದು ತಿಳಿದಿದ್ದರೋ! ದ್ವೀಪಕ್ಕಂತೂ ಕನ್ನಡದ ದಂಡು ಬರಲಿಲ್ಲ.

ಎರಡನೆಯ ಸಂಬಂಧವು ಇದಕ್ಕಿಂತ ಹಿರಿದು, ಇದಕ್ಕಿಂತ ನೋವಿನದು. ಅದನ್ನು ತಿಳಿಯಬೇಕಾದರೆ ಮೋರಖಂಡಿಯ ನೆರೆಯ ಕಲ್ಯಾಣವನ್ನು ನೆನೆಯಬೇಕು. ಈಗ ಬಸವಕಲ್ಯಾಣವೆನಿಸಿರುವ ಆ ಊರು ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದಿತು. ಅದೇ ಶತಮಾನದಲ್ಲಿ ಲಂಕೆಯು ಚೋಳರ ಕೈಸೇರಿದ್ದಿತು. ೯೯೩ರ ಸುಮಾರಿಗೆ ರಾಜರಾಜಚೋಳನ ಸೈನ್ಯವು ಅನುರಾಧಪುರವನ್ನು ಹಾಳುಮಾಡಿತು. ೧೦೧೭ರಲ್ಲಿ ಐದನೆಯ ಮಹಿಂದನು ಸೆರೆಸಿಕ್ಕಿ, ಚೋಳರ ನಾಡಿನಲ್ಲಿಯೇ ಹನ್ನೆರಡು ವರ್ಷ ಕಳೆದು ತೀರಿಕೊಂಡನು. ಸಿಂಹಳದ ಪ್ರಾಚೀನ ಇತಿಹಾಸಗ್ರಂಥವಾದ ಚೂಳವಂಸವು ಈ ದುರ್ಗತಿಯ ಮೂಲವನ್ನು ಹೇಳುವ ರೀತಿ ಕುತೂಹಲಕರವಾಗಿದೆ. ಸಂಬಳವಿಲ್ಲದ ದಂಡಾಳುಗಳು ತಿರುಗಿಬಿದ್ದು, ದೊರೆ ಓಡಿಹೋಗಿ, ಕೇರಳರೂ ಸಿಂಹಳರೂ ಕನ್ನಡಿಗರೂ ಮನಬಂದಂತೆ ನಾಡನ್ನು ಆಳುತ್ತಿದ್ದರು; ಈ ಅವಸ್ಥೆಯನ್ನು ಕಂಡ ಒಬ್ಬ ಕುದುರೆಯ ವ್ಯಾಪಾರಿ ಹೋಗಿ ಚೋಳನಿಗೆ ತಿಳಿಸಿದನು. ನಮ್ಮವರೂ ಆ ಗೊಂದಲದಲ್ಲಿ ಇದ್ದರೆಂಬುದನ್ನು ಓದಿ ನಮಗೆ ಹೆಮ್ಮೆಯೇನೂ ಉಂಟಾಗಲಿಲ್ಲ.

ಇತ್ತ ಕಲ್ಯಾಣವೂ ಸುಖವಾಗಿರಲಿಲ್ಲ. ರಾಜಾಧಿರಾಜಚೋಳನು ಊರನ್ನು ಸುಟ್ಟು ಇಲ್ಲಿಯ ಒಬ್ಬ ದ್ವಾರಪಾಲಕನನ್ನು ಹೊತ್ತುಕೊಂಡು ಹೋದನು. ತಂದ ಬಗೆಯನ್ನು ತಮಿಳಿನಲ್ಲಿ ಕೆತ್ತಿಸಿಕೊಂಡ ಆ ಕರಿಯ ಕಲ್ಲಿನ ಮೂರ್ತಿಯು ದಾರಾಸುರದಲ್ಲಿ ದೊರೆತು, ಈಗ ತಂಜಾವೂರಿನ ಕಲಾಶಾಲೆಯಲ್ಲಿದೆ. ಆ ರಾಜಾಧಿರಾಜನು ೧೦೫೪ರಲ್ಲಿ ಕೊಪ್ಪದ ಯುದ್ಧದಲ್ಲಿ ಆನೆಯ ಮೇಲೆಯೇ ಮಡಿದನು. ಮರುವರ್ಷ ಲಂಕೆಯ ದಕ್ಷಿಣದ ರೋಹಣ ಪ್ರಾಂತದಲ್ಲಿ ಕಿತ್ತಿಯೆಂಬ ರಾಜಕುಮಾರನು ವಿಜಯಬಾಹುವೆಂಬ ಹೆಸರಿನಿಂದ ತಲೆಯೆತ್ತಿದನು. ಚೋಳರಿಗೆ ತುಂಗಭದ್ರೆಯ ಕಡೆಯ ಗಡಿಯಲ್ಲಿ ಬಿಡುವಿಲ್ಲದಿದ್ದಾಗಲೆಲ್ಲ ಲಂಕೆಗೆ ಉಸಿರು ಬರುತ್ತಿದ್ದಿತು.

ವಿಜಯಬಾಹುವು ೧೦೭೦ರಲ್ಲಿ ಪೊಳೊನ್ನರುವವನ್ನು ಗೆದ್ದು ಚೋಳರನ್ನು ದ್ವೀಪದಿಂದ ಹೊರಡಿಸಿದನು. ನಡುವೆ ಅವನು ಬರ್ಮಾದೇಶಕ್ಕೆ ಜನರನ್ನೂ ಕಾಣಿಕೆಯನ್ನೂ ಕಳುಹಿಸಲು, ಅಲ್ಲಿಂದ ಕರ್ಪೂರ ಶ್ರೀಗಂಧಗಳನ್ನು ತುಂಬಿದ ಹಡಗುಗಳು ಬಂದವು. ತಂಗಿಯಾದ ಮಿತ್ತೆಯನ್ನು ಚೋಳನು ಕೇಳಿಕಳುಹಿಸಿದರೂ ಕೊಡದೆ ಪಾಂಡ್ಯವಂಶದವನಿಗೆ ಕೊಟ್ಟನು. ಮದುವೆಯ ವೀಳ್ಯವೂ ಕೂಡ ಇಂಥ ರಾಜ್ಯಕ್ಕೆ ರಾಜಕಾರಣವೇ. ಹೆಣ್ಣುಮಕ್ಕಳ ಅಭಿಪ್ರಾಯವನ್ನು ಗ್ರಂಥಕಾರರು ಬರೆದಿಡಲಿಲ್ಲ.

ಆಮೇಲೆ, ಅವನ ಆಳಿಕೆಯ ಮೂವತ್ತನೆಯ ವರ್ಷದ ಸುಮಾರಿಗೆ, ಎಂದರೆ ೧೦೮೫ರ ಆಸುಪಾಸಿನಲ್ಲಿ, ಕರ್ಣಾಟದ ಅರಸನಿಂದಲೂ ಚೋಳನಿಂದಲೂ ದೂತರು ಉಡುಗೊರೆಗಳೊಡನೆ ಅವನ ಬಳಿಗೆ ಬಂದರು. ಆಗ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನೂ ಚೋಳರಲ್ಲಿ ಕುಲೋತ್ತುಂಗನೂ ಇದ್ದರು. ಇಬ್ಬರಿಗೂ ಹಾವು ಮುಂಗುಸಿಯ ವೈರ. ವಿಜಯಬಾಹುವು ಇಬ್ಬರ ದೂತರನ್ನೂ ಮನ್ನಿಸಿ, ತನ್ನ ಕಡೆಯವರನ್ನು ಮೊದಲು ಕಲ್ಯಾಣದವರ ಜೊತೆಯಲ್ಲಿ ಕಳುಹಿಸಿದನು. "ಮೊದಲು" ಎಂಬುದರಲ್ಲಿಯೇ ಎಲ್ಲವೂ ಅಡಗಿದೆ. ಚೋಳರ ನಾಡನ್ನು ಹೊಕ್ಕ ಸಿಂಹಳದ ದೂತರ ಕಿವಿ ಮೂಗುಗಳನ್ನು ಅಲ್ಲಿಯವರು ಕೊಯ್ದುಬಿಟ್ಟರು. ಅವರು ಆ ಸ್ಥಿತಿಯಲ್ಲಿ ಹಿಂದಿರುಗಿ ಬಂದು ಒಡೆಯನ ಮುಂದೆ ನಿಂತರು.

ನಮ್ಮ ಗೃಹಸ್ಥರು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು. "ಪಡುವಣ ಕಡಲಿನ ಮೇಲೆ ಬಂದಿದ್ದರ ಆಗತಿರಲಿಲ್ಲೇನು?" ಎಂದರು. ಒಳ್ಳೆಯ ಪ್ರಶ್ನೆ. ಗೋವೆಯ ಕದಂಬರು ಚಾಲುಕ್ಯರ ಸಾಮಂತರು. ಅವರ ಬಂದರಿಗೆ ಬಂದು ಘಟ್ಟವನ್ನು ಹತ್ತಬಹುದಾಗಿದ್ದಿತು. ದೂತನನ್ನು ಮುಟ್ಟಬಾರದೆಂಬ ನೀತಿಯನ್ನು ನಂಬಿಕೊಂಡು ಹತ್ತಿರದ ಹಾದಿಯನ್ನು ಹಿಡಿದರೆಂದು ನಾವು ಊಹಿಸುತ್ತೇವೆ.

ಸಿಟ್ಟಿಗೆದ್ದ ವಿಜಯಬಾಹುವು ಚೋಳದೂತರನ್ನು ಕರೆಯಿಸಿ, ಕಡಲ ನಡುವಿನ ನಿರ್ಜನವಾದ ದ್ವೀಪದಲ್ಲಿ ಇಬ್ಬರೇ ಕಾದೋಣ, ಇಲ್ಲವೆ ನಿನಗೆ ಬೇಕಾದ ಸ್ಥಳದಲ್ಲಿ ಸೈನ್ಯಗಳನ್ನು ನಿಲ್ಲಿಸಿ ಕಾದೋಣ ಎಂಬ ಸವಾಲನ್ನು ಹೇಳಿ, ಅವರಿಗೆ ಹೆಂಗಸರ ಉಡುಪನ್ನು ತೊಡಿಸಿ ಕಳುಹಿಸಿದನು. ಈ ಕೊನೆಯ ಕೆಲಸವನ್ನು ನಾವು ಮೆಚ್ಚುವುದಿಲ್ಲ. ಇಬ್ಬರು ಸೇನಾಪತಿಗಳು ಬಂದರುಗಳಿಗೆ ಹೋಗಿ ಹಡಗುಗಳನ್ನು ಕೂಡಿಸುತ್ತಿದ್ದಾಗ, ಕೂಲಿಯ ದಂಡಾದ ವೇಳೈಕಾರರು ಚೋಳರ ಮೇಲೆ ಹೋಗಲೊಲ್ಲೆವೆಂದು ದಂಗೆಯೆದ್ದು ಅವರನ್ನು ಕೊಂದರು. ಅರಮನೆಯನ್ನು ಸುಟ್ಟು, ಮಿತ್ತೆಯನ್ನೂ ಅವಳ ಮೂವರು ಮಕ್ಕಳನ್ನೂ ಹಿಡಿದರು. ಅರಸನು ಐಶ್ವರ್ಯವನ್ನು ವಾತಗಿರಿಯ ಮೇಲೆ ಅಡಗಿಸಿ, ಮತ್ತೆ ಬಂದು ಬಡಿದನು. ದಂಗೆಯ ಮುಖಂಡರನ್ನು ಸತ್ತ ಸೇನಾಪತಿಗಳ ಚಿತೆಯ ಸುತ್ತ ಕಟ್ಟಿ ಸುಟ್ಟನೆಂದು ಓದಿದಾಗ ಪುಸ್ತಕವನ್ನು ಮುಚ್ಚಬೇಕೆನಿಸಿತು. ಮಿತ್ತೆಯ ಮೊಮ್ಮಗನೇ ಮುಂದೆ ಲಂಕೆಯನ್ನೆಲ್ಲ ಒಂದುಗೂಡಿಸಿದ ಪರಾಕ್ರಮಬಾಹು.

ಸವಾಲನ್ನು ಮಾತ್ರ ವಿಜಯಬಾಹು ಮರೆಯಲಿಲ್ಲ. ನಲವತ್ತೈದನೆಯ ವರ್ಷದಲ್ಲಿ, ಮುಪ್ಪಿನಲ್ಲಿ, ಸೈನ್ಯದೊಡನೆ ಕಡಲ ತಡಿಗೆ ಹೋಗಿ ಚೋಳನ ದಾರಿಯನ್ನು ಕಾದನು. ಚೋಳನು ಬರಲಿಲ್ಲ. ಅರಸನು ಹಿಂದಿರುಗಿದನು.

ಇನ್ನು ನಮ್ಮವರು ಬರೆದುಕೊಂಡಿರುವುದೇನು? ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣನು ತನ್ನ ಕಾವ್ಯದಲ್ಲಿ ಸಿಂಹಳದ ರಾಜನನ್ನೂ ತನ್ನ ಪ್ರಭುವಿಗೆ ಮಣಿದವರ ಸಾಲಿನಲ್ಲಿ ಸೇರಿಸಿಬಿಟ್ಟಿದ್ದಾನೆ. ಅದು ವಿಕ್ರಮನ ಯೌವನದ ದಿಗ್ವಿಜಯದ ವರ್ಣನೆ. ಕವಿಗೆ ಅದು ಕ್ಷಮ್ಯ. ಆದರೆ ಸಿಂಹಳದ ಗ್ರಂಥದಲ್ಲಿ ಕಾಣುವುದು ಉಡುಗೊರೆಗೆ ಉಡುಗೊರೆಯನ್ನು ಕೊಟ್ಟ ಸ್ನೇಹ. ಅರಸರ ಮಾತು ಹಾಗಿರಲಿ. ಐಹೊಳೆಯ ಹೆಸರನ್ನು ಹೊತ್ತ ಐನೂರ್ವರ ವರ್ತಕಸಂಘದ ಶಿಲಾಶಾಸನಗಳು ಲಂಕೆಯಲ್ಲಿ ಹಲವು ಕಡೆ ನಿಂತಿವೆ; ಭಾಷೆ ತಮಿಳಾದರೂ ಹೆಸರು ನಮ್ಮ ಮಲಪ್ರಭೆಯ ದಡದ್ದು. ಕನ್ನಡದ ಇತಿಹಾಸಪುಸ್ತಕಗಳು ಗೋವಿಂದನ ಎರಡು ಪ್ರತಿಮೆಗಳನ್ನು ಸಂಭ್ರಮದಿಂದ ಹೇಳುತ್ತವೆ. ಕಲ್ಯಾಣಕ್ಕೆಂದು ಹೊರಟು ಕಿವಿಮೂಗುಗಳನ್ನು ಕಳೆದುಕೊಂಡವರ ಮಾತನ್ನು ಮಕ್ಕಳಿಗೆ ಹೇಳಿದ ಉಪಾಧ್ಯಾಯರನ್ನು ನಾವು ಕಂಡಿಲ್ಲ.

ಬಿಸಿಲು ಏರಿತು. ಗೃಹಸ್ಥರು ಕೈತೊಳೆದು, ಟವಲಿನಿಂದ ಒರಸಿಕೊಳ್ಳುತ್ತ, "ಆ ದೂತರ ಹೆಸರು ಏನಿದ್ದಾವು?" ಎಂದು ಕೇಳಿದರು.

ಗ್ರಂಥದಲ್ಲಿ ಹೆಸರುಗಳಿಲ್ಲವೆಂದು ಹೇಳಿದೆವು.

"ನಮ್ಮೂರ ಕಡೆ ಬರಾಕ ಹೊಂಟಿದ್ದರಲ್ಲ" ಎಂದು ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಬಳಿಕ ನಮ್ಮನ್ನು ಕಲ್ಯಾಣದ ದಾರಿಗೆ ಮುಟ್ಟಿಸಲು ಎದ್ದರು.