ತಂಗಿಯ ಅಂಗಡಿಗೊಂದು ಪ್ರಿಂಟರ್

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಹಾಗಾಗಿ ಮಿಕ್ಸಿಯಿಂದ ಹಿಡಿದು ಬೋರ್‌ವೆಲ್ ಪಂಪಿನವರೆಗೆ ಕುಟುಂಬದ ಎಲ್ಲ ಪ್ರಶ್ನೆಗಳೂ ನನ್ನ ಹತ್ತಿರವೇ ಬರುತ್ತವೆ. ಈಚೆಗೆ ಜಾಸ್ತಿ ಬರುವುದು ಪ್ರಿಂಟರಿನ ಪ್ರಶ್ನೆ. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರನ್ನೂ ಮಾಡುವ ಒಂದೇ ಮಿಷನ್ ಬೇಕು, ಯಾವುದು ತೆಗೆದುಕೊಳ್ಳುವುದು?

ಈ ಸಲ ಕೇಳಿದವಳು ನನ್ನ ತಂಗಿ. ಮಗನನ್ನು ಕರೆದುಕೊಂಡು ತವರಿಗೆ ಬಂದು ಎರಡು ವರ್ಷವಾಯಿತು. ಹೊಸೂರಿನಲ್ಲಿ ಬಾಪನ ಅಂಗಡಿಯ ಪಕ್ಕದ ಕೋಣೆಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಕೆಲಸ ಶುರುಮಾಡುವ ಆಸೆ ಅವಳದು. ಬಳೆ ಮಾರಿದ 25,000 ರೂಪಾಯಿ ಅವಳ ಕೈಯಲ್ಲಿತ್ತು. ಅದು ಹೋದರೆ ಇನ್ನೊಂದು ಬಳೆ ಇಲ್ಲ. "ನೀನೇ ನೋಡಿ ಹೇಳು" ಎಂದರು ಬಾಪ.

ಮೊದಲು ಲೇಸರ್ ವಿಷಯ. ಅದರ ಟೋನರ್ ಎಂದರೆ ಪ್ಲಾಸ್ಟಿಕ್ ಬೆರೆತ ಪುಡಿ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ನೀರು ಬಿದ್ದರೂ ಅಕ್ಷರ ಹರಡುವುದಿಲ್ಲ, ಬೇಗ ಬೇಗ ಕಾಪಿ ಬರುತ್ತದೆ, ತಿಂಗಳುಗಟ್ಟಲೆ ಸುಮ್ಮನಿಟ್ಟರೂ ಒಣಗುವ ಇಂಕ್ ಅದರಲ್ಲಿಲ್ಲ. ಆದರೆ ಆ ಬಿಸಿಗೆ ಕೆಲವು ನೂರು ವ್ಯಾಟ್ ಕರೆಂಟ್ ಬೇಕು. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಹಾಕಿದರೆ ಯುಪಿಎಸ್ ಕೈಕೊಡುತ್ತದೆ. ಇಂಕ್ ಟ್ಯಾಂಕ್ ಮಿಷನ್‌ಗೆ ಬೇಕಾಗುವುದು ಒಂದು ಎಲ್‌ಇಡಿ ಬಲ್ಬಿನಷ್ಟು, ಅಷ್ಟೇ. ಕರೆಂಟ್ ಹೋದಾಗಲೂ ಗಿರಾಕಿಯನ್ನು ವಾಪಸ್ ಕಳಿಸಬೇಕಾಗಿಲ್ಲ.

ಖರ್ಚಿನ ಲೆಕ್ಕವೂ ಅದರ ಕಡೆಗೇ ವಾಲಿತು. ಒಂದು ಬಾಟಲಿ ಕಪ್ಪು ಇಂಕಿನಲ್ಲಿ ಸಾವಿರಾರು ಪುಟ ಬರುವುದರಿಂದ ಇಂಕಿಗಿಂತ ಕಾಗದದ ಖರ್ಚೇ ಹೆಚ್ಚು! ಕಾರ್ಟ್ರಿಜ್ ಹಾಕುವ ಅಗ್ಗದ ಇಂಕ್‌ಜೆಟ್ ಮಾತ್ರ ಬೇಡ. ಮಿಷನ್ ಸಸ್ತಾ, ಆಮೇಲೆ ಕಾರ್ಟ್ರಿಜ್‌ಗೇ ಸುರಿಯಬೇಕು.

ಟ್ಯಾಂಕ್‌ನಲ್ಲೂ ನೋಡಬೇಕಾದದ್ದು ಉಂಟು. ಕಪ್ಪು ಇಂಕ್ ಪಿಗ್ಮೆಂಟೋ ಡೈಯೋ ಎಂದು ಕೇಳಿ. ಡೈ ಆದರೆ ಒದ್ದೆ ಕೈ ತಾಗಿದರೂ ಅಕ್ಷರ ಕದಡುತ್ತದೆ. ಮಳೆಗಾಲದಲ್ಲಿ ಅರ್ಜಿ ಹಿಡಿದು ಆಫೀಸಿಗೆ ಹೋಗುವವನಿಗೆ ಅದು ಸಣ್ಣ ವಿಷಯ ಅಲ್ಲ. ಹೆಡ್ ತೊಳೆದ ಇಂಕ್ ಒಳಗಿನ ಒಂದು ಪ್ಯಾಡಿಗೆ ಹೋಗುತ್ತದೆ. ಅದು ತುಂಬಿದರೆ ಮಿಷನ್ ನಿಂತೇ ಹೋಗುತ್ತದೆ. ಈ ಪ್ಯಾಡ್ ಇರುವ ಡಬ್ಬಿಯನ್ನು ನಾವೇ ಬದಲಿಸುವಂಥ ಮಾಡೆಲ್‌ಗಳೂ ಇವೆ. ನಾನು ಅದಕ್ಕೇ ಹಟ ಹಿಡಿದೆ.

ಇನ್ನು ಸ್ಕ್ಯಾನರ್. ಅಂಗಡಿಯವರು ಇದರ ಬಗ್ಗೆ ಬಾಯಿ ಬಿಡುವುದೇ ಇಲ್ಲ. ಸಾಮಾನ್ಯ ಆಲ್-ಇನ್-ಒನ್‌ನ ಗಾಜು ಎ4 ಅಳತೆ, ಅಂದರೆ ಉದ್ದ 297 ಮಿಲಿಮೀಟರ್. ನಮ್ಮ ಸ್ಟಾಂಪ್ ಪೇಪರ್, ಕ್ರಯಪತ್ರ ಅದಕ್ಕಿಂತ ಉದ್ದ. ಲೀಗಲ್ ಹಾಳೆಯೇ 356. ಹೊಸೂರಿನ ಹಳೇ ಪತ್ರಗಳಲ್ಲಂತೂ ಒಂದೇ ಜಮೀನಿಗೆ ಮೂರು ಜಿಲ್ಲೆಯ ಹೆಸರು ಸಿಗುತ್ತದೆ: 1965ಕ್ಕಿಂತ ಮೊದಲು ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜನ ಇಡೀ ಕಟ್ಟನ್ನೇ ತರುತ್ತಾರೆ. ಅದಕ್ಕಾಗಿ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಎಡಿಎಫ್, ಅದೂ ಲೀಗಲ್ ಅಳತೆಯದ್ದು, ಬೇಕು ಎಂದೆ. ಆದರೆ ಮಡಿಕೆಯಲ್ಲಿ ಹರಿದ ಹಳೇ ಪತ್ರವನ್ನು ಎಡಿಎಫ್‌ಗೆ ಕೊಡಬಾರದು. ಗಾಜಿನ ಮೇಲಿಟ್ಟು ಎರಡು ಸಲ ತೆಗೆಯಬೇಕು. ಬೇರೆಯವರ ಮನೆಯ ಆಸ್ತಿ ಅದು, ನಮ್ಮ ಕೈಯಲ್ಲಿ ಹರಿಯಬಾರದು.

ಗಲ್ಫಿನಲ್ಲಿ ಯಾರಾದರೂ ಇರುವ ಬ್ಯಾರಿ ಮನೆಗಳಿಗೆ ಬೇರೆ ಹೇಳಬೇಕಾಗಿಲ್ಲ: ಪಾಸ್‌ಪೋರ್ಟ್, ವೀಸಾ, ಮಾರ್ಕ್ಸ್ ಕಾರ್ಡ್, ಎಲ್ಲದರ ಸ್ಕ್ಯಾನ್ ಇವತ್ತೇ ಬೇಕು. 300 ಡಿಪಿಐ ಸಾಕು. ಉಮ್ಮನ ಔಷಧಿ ಬಿಲ್ಲುಗಳನ್ನೂ ತಂದ ದಿನವೇ ಕಾಪಿ ಮಾಡಿಡುತ್ತೇನೆ. ಕೆಲವು ಬಿಲ್ ಥರ್ಮಲ್ ಕಾಗದದವು, ಬಿಸಿಲು ಶಾಖ ತಾಗಿದರೆ ಅಕ್ಷರ ಮಾಸಿ ಹಾಳೆ ಖಾಲಿಯಾಗುತ್ತದೆ. ಕ್ಲೇಮ್ ಹಾಕುವಾಗ ಖಾಲಿ ಹಾಳೆ ತೋರಿಸಲು ಆಗುತ್ತದಾ?

ಎಡಿಎಫ್ ಇರುವ ಇಂಕ್ ಟ್ಯಾಂಕೇ ಆಯಿತು. ವೇಗದಲ್ಲಿ ಲೇಸರಿಗೆ ಇದು ಸಮ ಅಲ್ಲ. ಶಾಲೆ ಅಡ್ಮಿಷನ್ ಸಮಯದಲ್ಲಿ ಸಾಲು ನಿಲ್ಲುತ್ತದೆ. ಆಗ ತಂಗಿ ಎಲ್ಲರಿಗೂ ಸ್ಟೂಲ್ ಕೊಡುತ್ತಾಳೆ, ಅವರು ಬಾಪನ ಅಂಗಡಿಯಿಂದ ಬಿಸ್ಕತ್ತು ತರುತ್ತಾರೆ. ಬಾಪನಿಗೆ ಲೇಸರ್ ಬಾರದ್ದೇ ಲಾಭ.

ಅವಳಿಗೆ ಎರಡೇ ಕಟ್ಟುನಿಟ್ಟು ಮಾಡಿದ್ದೇನೆ. ರಾತ್ರಿ ಮಿಷನ್‌ನ ಬಟನ್ ಒತ್ತಿಯೇ ಆಫ್ ಮಾಡಬೇಕು, ಗೋಡೆಯ ಸ್ವಿಚ್ ಆಮೇಲೆ. ಆಗಲೇ ಹೆಡ್ ತನ್ನ ಮುಚ್ಚಳದ ಮೇಲೆ ಹೋಗಿ ಕೂರುವುದು. ವಾರಕ್ಕೊಮ್ಮೆಯಾದರೂ ಕಲರ್ ಪುಟ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಒಣಗುತ್ತದೆ. ಆ ಕಲರ್ ಪುಟ ಅವಳ ಮಗನ ಪಾಲು. ಈಗ ಬಾಪನ ಕ್ಯಾಶ್ ಡಬ್ಬಿಯ ಹಿಂದೆ ಏಳು ರೈಲು ಅಂಟಿಸಿದ್ದಾನೆ.