ಕ್ಯಾಡ್ ಲ್ಯಾಬ್ ಡೈರಿ – 7: ಪೆನ್‌ಡ್ರೈವ್‌ನಲ್ಲೊಂದು ಟೆಂಪ್ಲೇಟ್

ಈ ಪೋಸ್ಟ್ ಮನೇಲಿ ಲ್ಯಾಪ್‌ಟಾಪ್ ಇಲ್ಲದೋರಿಗೆ. ನನಗೂ ಇಲ್ಲ, ಗೊತ್ತಲ್ಲ. ನಮಗೆ ಸಿಗೋದು ಲ್ಯಾಬ್ ಅವರ್ ಅಷ್ಟೇ. ಅದರಲ್ಲೂ ಪ್ರತಿ ಸಲ ಗೋಡೆ, ಬಾಗಿಲು, ಡೈಮೆನ್ಷನ್ ಅಂತ ಲೇಯರ್ ಮಾಡ್ತಾ, ಬಣ್ಣ ಕೊಡ್ತಾ ಕೂತ್ರೆ ಪ್ಲಾನ್ ಹಾಕೋದು ಯಾವಾಗ? ಸಿಸ್ಟಮ್ ಇರೋರು ರಾತ್ರಿ ಮನೇಲಿ ಕೂತು ಮುಗಿಸ್ತಾರೆ. ಮಾರ್ಕ್ಸ್ ಹಾಕೋರಿಗೆ ಕಾಣೋದು ಶೀಟ್ ಮಾತ್ರ.

ಅದಕ್ಕೇ ಒಂದು ಲ್ಯಾಬ್ ಪೂರ್ತಿ ಟೆಂಪ್ಲೇಟ್‌ಗೇ ಕೊಡಿ. ಆಟೋಕ್ಯಾಡ್‌ನಲ್ಲಿ ‘ಅಕ್ಯಾಡ್‌ಐಎಸ್‌ಒ’ ತೆಗೀರಿ. ಬರೀ ‘ಅಕ್ಯಾಡ್’ ಅಂತಿರೋದು ಇಂಚಿನದು, ನಮಗೆ ಬೇಕಿರೋದು ಮಿಲಿಮೀಟರ್. ಯೂನಿಟ್ಸ್, ಲೇಯರ್, ಡೈಮೆನ್ಷನ್ ಸ್ಟೈಲ್ ಸರಿಮಾಡಿ, ಲೇಔಟ್‌ನಲ್ಲಿ ಟೈಟಲ್ ಬ್ಲಾಕ್ ಹಾಕಿ, ಸೇವ್ ಆ್ಯಸ್‌ನಲ್ಲಿ ಡಿಡಬ್ಲ್ಯುಟಿ ಆರಿಸಿ. ಅಕ್ಷರದ ಎತ್ತರ ಮರೀಬೇಡಿ: 1:100 ಪ್ರಿಂಟ್‌ನಲ್ಲಿ 2.5 ಮಿ.ಮೀ. ಕಾಣ್ಬೇಕಂದ್ರೆ ಮಾಡೆಲ್‌ನಲ್ಲಿ 250 ಇರಬೇಕು. (ಈ ಒಂದು ಲೆಕ್ಕ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ, ಯಾಕೋ!) ಇಷ್ಟಾದ್ರೆ ಕೂತ ತಕ್ಷಣ ಮೊದಲ ಗೆರೆನೇ ಗೋಡೆ.

ಸ್ವಂತ ಸಿಸ್ಟಮ್ ಇರೋರು ಆಪ್ಷನ್ಸ್‌ಗೆ ಹೋಗಿ, ಫೈಲ್ಸ್ ಟ್ಯಾಬ್‌ನ ಟೆಂಪ್ಲೇಟ್ ಸೆಟ್ಟಿಂಗ್ಸ್‌ನಲ್ಲಿ ಕ್ಯೂನ್ಯೂಗೆ ಇದನ್ನೇ ಡೀಫಾಲ್ಟ್ ಮಾಡ್ಕೊಳ್ಳಿ. ಲ್ಯಾಬ್ ಸಿಸ್ಟಮ್‌ನಲ್ಲಿ ಅದನ್ನ ಮುಟ್ಟಬೇಡಿ ಕಣ್ರೋ, ಮುಂದಿನ ಬ್ಯಾಚ್‌ನೋರಿಗೆ ತಲೆನೋವು. ‘ನ್ಯೂ’ ಕೊಟ್ಟು ಪೆನ್‌ಡ್ರೈವ್‌ನಿಂದ ಆರಿಸಿ, ಸಾಕು.

ಸೀನಿಯರ್‌ದು ಕಾಪಿ ಮಾಡ್ಕೋಬೋದಾ ಅಂತ ಕೇಳ್ತೀರಿ. ಮಾಡ್ಕೊಳ್ಳಿ. ಟೈಟಲ್ ಬ್ಲಾಕ್‌ನಲ್ಲಿ ಅವರ ರಿಜಿಸ್ಟರ್ ನಂಬರ್ ಹಾಗೇ ಉಳ್ಕೊಂಡಿದ್ಯಾ ನೋಡಿ ಅಷ್ಟೇ. ನನ್ನದು ಬೇಕಿದ್ರೆ ನಾಳೆ ಪೆನ್‌ಡ್ರೈವ್ ತನ್ನಿ.