ರಜೆಯೆಂಬ ಪೋಷಕ

ಕನ್ನಡ ರಂಗಭೂಮಿಯನ್ನು ಪೋಷಿಸಿದವರ ಪಟ್ಟಿಯಲ್ಲಿ ಮೈಸೂರಿನ ಅರಸರು, ಊರ ಗೌಡರು, ಮಠಗಳು, ಅಕಾಡೆಮಿಗಳು ಮತ್ತು ಟಿಕೆಟ್ ಕೊಂಡು ಬಂದ ಪ್ರೇಕ್ಷಕರು ತಪ್ಪದೆ ಸ್ಥಾನ ಪಡೆಯುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರಿನ ನಟರನ್ನು ಬಹುಶಃ ಇವರೆಲ್ಲರಿಗಿಂತ ಹೆಚ್ಚಾಗಿ ಸಾಕಿದ ಒಂದು ವ್ಯವಸ್ಥೆ ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅದು ಸಂಬಳ ಕಡಿತವಾಗದ ರಜೆ. ಹಾಜರಿ ಪುಸ್ತಕದಲ್ಲಿ ಸಿ.ಎಲ್. ಎಂದು ಗುರುತಾಗುವ ಸಾಂದರ್ಭಿಕ ರಜೆ ಮತ್ತು ಇ.ಎಲ್. ಎಂದು ಗುರುತಾಗುವ ಗಳಿಕೆ ರಜೆ ಇಲ್ಲದಿದ್ದಲ್ಲಿ ಹವ್ಯಾಸಿ ರಂಗಭೂಮಿಯ ಎಷ್ಟು ಪ್ರಯೋಗಗಳು ತೆರೆ ಕಾಣುತ್ತಿದ್ದವು ಎಂಬ ಲೆಕ್ಕವನ್ನು ಯಾವ ಸಂಶೋಧಕನೂ ಕೈಗೆತ್ತಿಕೊಂಡಂತಿಲ್ಲ. ಇಂದು ಹೊಟ್ಟೆಪಾಡಿಗೆ ಒಂದು ಕೆಲಸ ಹಿಡಿದು, ಅದರ ಸಂದಿಯಲ್ಲಿ ಆಡಿಷನ್ನಿಗೆ, ಎಂದರೆ ಪಾತ್ರಕ್ಕೆ ಆಳನ್ನು ಆರಿಸುವ ಪರೀಕ್ಷೆಗೆ ಓಡುತ್ತಿರುವ ಯುವಕ ಯುವತಿಯರ ಪಾಡನ್ನು ಅರಿಯಬೇಕಾದರೆ, ಅವರ ಪ್ರತಿಭೆಯನ್ನು ಅಳೆಯುವ ಮುನ್ನ ಅವರಿಗೆ ಸಿಗುವ ರಜೆಯನ್ನು ಅಳೆಯುವುದು ಲೇಸು.

ಈ ಓಟ ಸದಾ ಇದ್ದದ್ದೇನೂ ಅಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಹೆಸರಿನಿಂದಲೇ ಪ್ರಸಿದ್ಧವಾದ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಲ್ಲಿ ಅನ್ನವೂ ಪಾತ್ರವೂ ಒಂದೇ ಬಿಡಾರದಲ್ಲಿ ಸಿಗುತ್ತಿದ್ದವು. ಬಾಲಕನಾಗಿ ಸೇರಿದವನು ಹಗಲು ಪರದೆ ಕಟ್ಟಿ, ಸಂಜೆ ಬಣ್ಣ ಹಚ್ಚಿ, ಮೊದಲು ಬಾಲಪಾತ್ರ, ಆಮೇಲೆ ಸ್ತ್ರೀಪಾತ್ರ, ಮೀಸೆ ಬಂದ ಮೇಲೆ ಪುರುಷಪಾತ್ರ ಎಂದು ಹಂತಹಂತವಾಗಿ ಏರುತ್ತಿದ್ದನು; ಅವನನ್ನು ಪರೀಕ್ಷಿಸುವ ಆಡಿಷನ್ ಎಂಬುದು ವರ್ಷಗಟ್ಟಲೆ, ಮಾಲೀಕನ ಕಣ್ಣೆದುರಿನಲ್ಲೇ ನಡೆಯುತ್ತಿತ್ತು. ತಂದೆ ಪುಟ್ಟಸ್ವಾಮಯ್ಯನವರ ಜೊತೆ ಕಂಪನಿಗಳಲ್ಲಿ ಬೆಳೆದ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆಗಿ ಬೆಳಕಿಗೆ ಬಂದಾಗ ಅವರ ಬೆನ್ನಿಗೆ ಇದ್ದದ್ದು ಇಂಥ ದೀರ್ಘ ಪರೀಕ್ಷೆಯೇ. ಹಾಗೆಂದು ಆ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ, ಏಕೆಂದರೆ ಮಳೆಗಾಲದಲ್ಲಿ ಕಲೆಕ್ಷನ್ ಬಿದ್ದರೆ ಸಂಬಳ ಬಾಕಿ ನಿಲ್ಲುತ್ತಿತ್ತು, ಮತ್ತು ಬಾದಾಮಿಯ ಬನಶಂಕರಿ ಜಾತ್ರೆಯಂಥ ಒಂದು ಮೊಕ್ಕಾಂ ಕೈಕೊಟ್ಟರೆ ಇಡೀ ಬಿಡಾರ ಸಾಲದಲ್ಲಿ ಮುಳುಗುತ್ತಿತ್ತು. ಆದರೂ ನಟನು ನಟನಾಗಿಯೇ ಹಸಿಯುತ್ತಿದ್ದನೆಂಬ ಒಂದು ಸಮಾಧಾನ ಅಲ್ಲಿತ್ತು.

ಎರಡನೆಯ ವ್ಯವಸ್ಥೆಯನ್ನು ಕಟ್ಟಿದವರು ರಂಗಕರ್ಮಿಗಳಲ್ಲ, ಕೈಗಾರಿಕಾ ಯೋಜಕರು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹೀಗೆ ಒಂದರ ಹಿಂದೊಂದು ಕಾರ್ಖಾನೆಗಳು ಬೆಂಗಳೂರಿನ ಸುತ್ತ ಎದ್ದು ನಿಂತಾಗ, ವಿಮಾನ, ದೂರವಾಣಿ ಮತ್ತು ಗಡಿಯಾರಗಳ ಜೊತೆಗೆ ಅವು ಯಾರೂ ಯೋಜಿಸದ ಇನ್ನೊಂದು ವಸ್ತುವನ್ನೂ ಉತ್ಪಾದಿಸಿದವು: ಮಧ್ಯಾಹ್ನ ಪಾಳಿ ಮುಗಿಸಿ ಸಂಜೆಯನ್ನು ಪೂರ್ತಿಯಾಗಿ ತನ್ನದೆಂದು ಹೇಳಬಲ್ಲ, ತಿಂಗಳ ಕೊನೆಗೆ ಸಂಬಳ ಖಚಿತವಿರುವ, ಕಂಪನಿ ಬಸ್ಸಿನಲ್ಲಿ ಮನೆ ಸೇರುವ ಕನ್ನಡಿಗ ನೌಕರ. ಈ ನೌಕರರು, ಮುಂದೆ 1969ರಲ್ಲಿ ರಾಷ್ಟ್ರೀಕರಣಗೊಂಡ ಬ್ಯಾಂಕುಗಳ ಗುಮಾಸ್ತರು, ಎ.ಜಿ. ಕಚೇರಿಯವರು ಮತ್ತು ವಿಮಾ ನಿಗಮದವರು ಸೇರಿ ಕಟ್ಟಿದ ತಂಡಗಳೇ 1963ರಲ್ಲಿ ಆರಂಭವಾದ ರವೀಂದ್ರ ಕಲಾಕ್ಷೇತ್ರದ ಸಂಜೆಗಳನ್ನು ಬಹುಕಾಲ ತುಂಬಿದವು. ಬೆಂಗಳೂರಿನಲ್ಲಿ ಹವ್ಯಾಸಿ ರಂಗಭೂಮಿಗೆ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ 1909ರಷ್ಟು ಹಿಂದೆಯೇ ತಳಹದಿ ಹಾಕಿತ್ತೆಂಬುದು ನಿಜವಾದರೂ, ಅದನ್ನು ವಿದ್ಯಾವಂತರ ಕೂಟದಿಂದ ಬಡಾವಣೆ ಬಡಾವಣೆಗೂ ತಂದದ್ದು ಈ ಹಾಜರಿ ಪುಸ್ತಕದ ಜನ. ಪ್ರಯೋಗದ ಮುನ್ನಾದಿನ ರಜಾ ಅರ್ಜಿಗಳಲ್ಲಿ ಅನೇಕ ಅಜ್ಜಿಯರು ಕಾಯಿಲೆ ಬೀಳುತ್ತಿದ್ದರೆಂದೂ, ಮಂಜೂರು ಮಾಡಿದ ಅಧಿಕಾರಿ ಮರುದಿನ ಪಾಸ್ ಹಿಡಿದು ಮೊದಲ ಸಾಲಿನಲ್ಲಿ ಕೂರುತ್ತಿದ್ದನೆಂದೂ ಊಹಿಸಿದರೆ ತಪ್ಪಾಗಲಾರದು. ಆ ಅರ್ಜಿಗಳನ್ನು ಕಡತಗಳಿಂದ ಹೊರತೆಗೆದರೆ ಕನ್ನಡ ನಾಟಕ ಸಾಹಿತ್ಯದ ಒಂದು ಉಪೇಕ್ಷಿತ ಪ್ರಕಾರವೇ ಸಿಕ್ಕೀತು.

ಕೆಲಸ ಬಿಟ್ಟು ಹೊರಟವರ ಕಥೆಗಳಲ್ಲೂ ಕೆಲಸದ ಋಣ ಇದ್ದೇ ಇದೆ. ಬೆಂಗಳೂರು ಸಾರಿಗೆಯಲ್ಲಿ ಕಂಡಕ್ಟರಾಗಿದ್ದ ಶಿವಾಜಿರಾವ್ ಗಾಯಕ್ವಾಡ್ ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, 1975ರ ‘ಅಪೂರ್ವ ರಾಗಂಗಳ್’ ಚಿತ್ರದಿಂದ ರಜನೀಕಾಂತ್ ಆದ ಕಥೆಯನ್ನು ಹೇಳುವವರು ಟಿಕೆಟ್ ಹರಿಯುತ್ತಿದ್ದ ಅವರ ಶೈಲಿಯನ್ನು ರಸವತ್ತಾಗಿ ವರ್ಣಿಸುತ್ತಾರೆ. ಅದೇ ಬಸ್ಸಿನ ಚಾಲಕ ರಾಜ್ ಬಹದ್ದೂರ್ ತಮ್ಮ ಸಂಬಳದಿಂದ ಹಣ ಕೊಟ್ಟು ಗೆಳೆಯನನ್ನು ಓದಿಸಿದ ಭಾಗವನ್ನು ಸ್ನೇಹದ ಉದಾಹರಣೆಯೆಂದು ಹೇಳಿ ಮುಂದೆ ಸಾಗುತ್ತಾರೆ. ಅದು ಸ್ನೇಹವೇ ಸರಿ, ಆದರೆ ತಪ್ಪದೆ ಕೈಸೇರುವ ಒಂದು ಸರ್ಕಾರಿ ಸಂಬಳವಿಲ್ಲದೆ ಆ ಸ್ನೇಹ ಮದರಾಸಿನವರೆಗೆ ತಲುಪುತ್ತಿರಲಿಲ್ಲ.

ಇಂದಿನ ಆಕಾಂಕ್ಷಿಯ ಉದ್ಯೋಗಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗಶಿಕ್ಷಣ ಮುಗಿಸಿ, ಅದರ ಸಂಚಾರಿ ನಾಟಕ ತಂಡದೊಂದಿಗೆ ಒಂದು ಸುತ್ತು ತಿರುಗಾಟ ಮಾಡಿ, ಟ್ರಂಕಿನೊಂದಿಗೆ ಬೆಂಗಳೂರಿಗೆ ಬಂದಿಳಿಯುವವನಿಗೆ ದಕ್ಕುವುದು ಶಾಲೆಯ ವಾರ್ಷಿಕೋತ್ಸವದ ನಾಟಕ ಕಲಿಸುವ ಕೆಲಸ, ಸರ್ಕಾರಿ ಯೋಜನೆಗಳ ಪ್ರಚಾರದ ಬೀದಿನಾಟಕ, ನವೆಂಬರ್ ಪೂರ್ತಿ ರಾಜ್ಯೋತ್ಸವದ ನಿರೂಪಣೆ, ಮತ್ತು ಇವು ಯಾವುವೂ ಇಲ್ಲದ ತಿಂಗಳುಗಳಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ತಲುಪಿಸುವ ಗಿಗ್ ಕೆಲಸ. ಗಿಗ್ ಎಂದರೆ ನೇಮಕಾತಿ ಪತ್ರವಿಲ್ಲದೆ, ಆ್ಯಪ್ ತೋರಿಸಿದ ಪ್ರತಿಯೊಂದು ತುಣುಕು ಕೆಲಸಕ್ಕೂ ಬೇರೆ ಬೇರೆಯಾಗಿ ಕೂಲಿ ಪಡೆಯುವ ದುಡಿಮೆ. ಇಷ್ಟ ಬಂದಾಗ ಲಾಗಿನ್, ಇಷ್ಟ ಬಂದಾಗ ಲಾಗೌಟ್ ಎಂಬ ಅದರ ಆಮಿಷ ನಟನಿಗೆಂದೇ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಹೆಚ್ಚಿನ ಪ್ರೋತ್ಸಾಹಧನ ಸಿಗುವುದು ಊಟದ ಹೊತ್ತಿನಲ್ಲಿ, ರಾತ್ರಿಯಲ್ಲಿ ಮತ್ತು ಶನಿವಾರ ಭಾನುವಾರಗಳಲ್ಲಿ, ಎಂದರೆ ತಾಲೀಮೂ ಪ್ರದರ್ಶನವೂ ನಡೆಯುವ ಅದೇ ಗಳಿಗೆಗಳಲ್ಲಿ. ಇಂಥ ದುಡಿಮೆಗಾರರಿಗೆ ಕಲ್ಯಾಣ ನಿಧಿಯನ್ನು ಒದಗಿಸುವ ಕಾನೂನನ್ನು ಕರ್ನಾಟಕ 2025ರಲ್ಲಿ ತಂದಿದೆ. ಹಳೆಯ ಅರ್ಥದ ಸಿ.ಎಲ್. ಮಾತ್ರ ಈ ಲೋಕದಲ್ಲಿಲ್ಲ.

ಆಡಿಷನ್ನಿನ ಸ್ವರೂಪವೂ ಬದಲಾಗಿದೆ. ಹಿಂದೆ ಗಾಂಧಿನಗರದ ನಿರ್ಮಾಣ ಕಚೇರಿಯ ಮೆಟ್ಟಿಲ ಮೇಲೆ ಫೋಟೊ ಆಲ್ಬಂ ಹಿಡಿದು ಕಾಯಬೇಕಿತ್ತು. ಕೋವಿಡ್ ಕಾಲದಿಂದೀಚೆಗೆ ಸೆಲ್ಫ್ ಟೇಪ್, ಅಂದರೆ ಅಭ್ಯರ್ಥಿ ತನ್ನ ಅಭಿನಯವನ್ನು ತಾನೇ ಮೊಬೈಲಿನಲ್ಲಿ ಚಿತ್ರಿಸಿ ಕಳುಹಿಸುವ ಪದ್ಧತಿ ಹೆಚ್ಚು ರೂಢಿಗೆ ಬಂದಿದೆ. ಮಧ್ಯಾಹ್ನ ವಾಟ್ಸ್ಆ್ಯಪ್‌ನಲ್ಲಿ ಬಂದ ಎರಡು ಪುಟದ ದೃಶ್ಯವನ್ನು ಸಂಜೆಯೊಳಗೆ ಕಳುಹಿಸಬೇಕು. ಮೊದಲು ಹೆಸರು, ವಯಸ್ಸು, ಎತ್ತರ ಹೇಳಿ, ಎಡಗಡೆ ಬಲಗಡೆ ತಿರುಗಿ, ಅಂಗೈ ಮುಂಗೈ ತೋರಿಸಿ, ಅನಂತರ ಕೋಪಗೊಳ್ಳಬೇಕು. ಬಾಡಿಗೆ ಕೋಣೆಯ ಗೋಡೆಯಿಂದ ಕ್ಯಾಲೆಂಡರನ್ನು ಇಳಿಸಿದರೂ ಮೊಳೆ ಉಳಿಯುತ್ತದೆ, ಆ ಮೊಳೆಯನ್ನು ತಲೆಯಿಂದ ಮರೆಮಾಡಿ ನಿಂತು, ಸಾಂಬಾರ್ ಪುಡಿಯ ಡಬ್ಬಕ್ಕೆ ಒರಗಿಸಿದ ಫೋನಿನೆದುರು ದೃಶ್ಯ ಆರಂಭಿಸಿದರೆ, ಮೊದಲ ಟೇಕಿನಲ್ಲಿ ಬೀದಿಯ ಹಳೇ ಪೇಪರ್ ಗಾಡಿಯ ಧ್ವನಿಮುದ್ರಿತ ಕೂಗು ಬಂದು ಸೇರುತ್ತದೆ, ಎರಡನೆಯದರಲ್ಲಿ ಪಕ್ಕದ ಮನೆಯ ಮಿಕ್ಸಿ, ಮೂರನೆಯದರ ಕೊನೆಯ ಮಾತಿನಲ್ಲಿ ಡಬ್ಬ ಜಾರಿ ಫೋನು ಸೂರನ್ನು ಚಿತ್ರಿಸತೊಡಗುತ್ತದೆ. ರಾತ್ರಿಪಾಳಿ ಮುಗಿಸಿ ಬಂದ ರೂಮ್‌ಮೇಟ್ ಅದೇ ಕೋಣೆಯಲ್ಲಿ ಹೊದ್ದು ಮಲಗಿದ್ದರೆ ಕೋಪದ ಮಾತನ್ನೆಲ್ಲ ಪಿಸುಗುಟ್ಟಿಯೇ ಆಡಬೇಕು. ನೋಡಿದವರು ಅದನ್ನು ಸಂಯಮದ ಅಭಿನಯವೆಂದು ಮೆಚ್ಚುವ ಸಾಧ್ಯತೆಯೂ ಇಲ್ಲದಿಲ್ಲ. ಉತ್ತರ ಮಾತ್ರ ಬಹುತೇಕ ಬರುವುದಿಲ್ಲ. ತಿರಸ್ಕಾರಕ್ಕೂ ಒಂದು ಒಕ್ಕಣೆ ಇದ್ದ ಕಾಲ ಹೋಗಿ, ಎರಡು ನೀಲಿ ಗೆರೆಗಳೇ ತೀರ್ಪಾಗಿವೆ. ಉತ್ತರ ಬಂದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ‘ಆಯ್ಕೆಯಾಗಿದ್ದೀರಿ, ಕಾರ್ಡ್ ಮಾಡಿಸಲು ಹಣ ಕಳುಹಿಸಿ’ ಎನ್ನುವ ವಂಚಕರು ತುಂಬ ಬೇಗನೆ ಉತ್ತರಿಸುತ್ತಾರೆ.

ಪಾತ್ರ ಸಿಕ್ಕ ಮೇಲೆ ಆರಂಭವಾಗುವ ತೊಡಕುಗಳಲ್ಲಿ ಗಡ್ಡದ್ದು ಅತ್ಯಂತ ಕುತೂಹಲಕರ. ಚಿತ್ರೀಕರಣವು ಕಥೆಯ ಕ್ರಮದಲ್ಲಿ ನಡೆಯದ ಕಾರಣ, ಇಂದು ತೆಗೆದ ದೃಶ್ಯದ ಮುಂದುವರಿದ ಭಾಗವನ್ನು ಮೂರು ವಾರಗಳ ನಂತರ ತೆಗೆದರೂ ನಟನ ಕೂದಲು, ಗಡ್ಡ, ಅಂಗಿಯ ಗುಂಡಿಯವರೆಗೆ ಎಲ್ಲವೂ ಹಾಗೇ ಇರಬೇಕೆಂಬ ನಿಯಮವನ್ನು ಕಂಟಿನ್ಯುಟಿ ಎನ್ನುತ್ತಾರೆ. ಧಾರಾವಾಹಿಯೊಂದರಲ್ಲಿ ನಾಯಕನ ಗೆಳೆಯನಾಗಿ ತಿಂಗಳಿಗೆ ನಾಲ್ಕೈದು ದಿನ ಕರೆಸಿಕೊಳ್ಳುವ ನಟನಿಗೆ ಆ ನಾಲ್ಕೈದು ದಿನಗಳ ಸಂಭಾವನೆ ಮಾತ್ರ ಸಿಗುತ್ತದೆ, ಅದೂ ತಿಂಗಳುಗಳ ನಂತರ. ಗಡ್ಡವನ್ನು ಮಾತ್ರ ಮೂವತ್ತು ದಿನವೂ ಸಾಕಬೇಕು. ಇತ್ತ ಅವನು ಹೋಟೆಲಿನ ಸ್ವಾಗತ ವಿಭಾಗದಲ್ಲೋ ಒಡವೆ ಅಂಗಡಿಯಲ್ಲೋ ದುಡಿಯುತ್ತಿದ್ದರೆ ಅಲ್ಲಿಯ ಮೇಲ್ವಿಚಾರಕನಿಗೆ ನುಣ್ಣನೆಯ ಕೆನ್ನೆ ಬೇಕು. ರಂಗಭೂಮಿ ಈ ಸಮಸ್ಯೆಯನ್ನು ಎಂದೋ ಪರಿಹರಿಸಿಕೊಂಡಿತ್ತು: ಕ್ರೇಪಿನ ಗಡ್ಡವನ್ನು ಸ್ಪಿರಿಟ್ ಗಮ್ಮಿನಲ್ಲಿ ಅಂಟಿಸಿಕೊಂಡು ವಿಶ್ವಾಮಿತ್ರನಾದವನು, ನಾಟಕ ಮುಗಿದ ಮೇಲೆ ಅದನ್ನು ಕಿತ್ತು ಪೆಟ್ಟಿಗೆಗೆ ಹಾಕಿ, ಬೆಳಿಗ್ಗೆ ನುಣುಪು ಗಲ್ಲದ ಗುಮಾಸ್ತನಾಗಿ ಕೌಂಟರಿನಲ್ಲಿ ಕೂರಬಹುದಿತ್ತು. ಕ್ಲೋಸಪ್ಪಿನಲ್ಲಿ ಅಂಟಿನ ಅಂಚನ್ನು ಕಂಡುಹಿಡಿಯುವ ಕ್ಯಾಮೆರಾ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಒಂದು ಬೆಳಿಗ್ಗೆ ಮೇಲ್ವಿಚಾರಕನ ಗದರಿಕೆಗೆ ಬೆದರಿ ಕ್ಷೌರ ಮಾಡಿಕೊಂಡವನಿಗೆ ಅಂದೇ ಸಂಜೆ ನಾಳೆಯ ಕಾಲ್‌ಶೀಟ್, ಎಂದರೆ ಚಿತ್ರೀಕರಣಕ್ಕೆ ಹಾಜರಾಗಬೇಕಾದ ಸಮಯದ ಸೂಚನೆ ಬಂದರೆ, ಸಂಭಾಷಣೆಕಾರ ಒಂದೇ ಸಾಲಿನಲ್ಲಿ ಆ ಗೆಳೆಯನನ್ನು ದುಬೈಗೆ ಕಳುಹಿಸಿಬಿಡುತ್ತಾನೆ. ಕನ್ನಡ ಧಾರಾವಾಹಿಗಳಲ್ಲಿ ದಿಢೀರನೆ ದುಬೈಗೋ ಊರಿಗೋ ಹೋಗಿ ಮರಳಿ ಬಾರದ ಗೆಳೆಯರು, ಚಿಕ್ಕಪ್ಪಂದಿರು ಏಕೆ ಇಷ್ಟು ಮಂದಿ ಎಂದು ವಿಸ್ಮಯಪಡುವ ವೀಕ್ಷಕರು ಈ ಕ್ಷೌರದ ಕಾರಣವನ್ನೂ ಗಣನೆಗೆ ತೆಗೆದುಕೊಳ್ಳಬಹುದು.

ಉದ್ಯೋಗವು ನಟನ ಹೊತ್ತನ್ನು ಮಾತ್ರವಲ್ಲದೆ ಮುಖವನ್ನೂ ಬಾಡಿಗೆಗೆ ಪಡೆಯುತ್ತದೆಂಬ ಈ ಅಂಶವನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರ ತಮ್ಮ ಗ್ರಂಥದಲ್ಲಿ, ವಿಮಾನ ಪರಿಚಾರಿಕೆಯರ ಕೆಲಸವನ್ನು ಆಧರಿಸಿ, ಬೇರೊಂದು ದಿಕ್ಕಿನಿಂದ ವಿವರಿಸಿದ್ದಾರೆ. ಗಿರಾಕಿಯ ಮನಸ್ಸು ತಣಿಸಲು ತನ್ನ ಭಾವನೆಗಳನ್ನು ಹತೋಟಿಯಲ್ಲಿಟ್ಟು ಸಂಬಳ ಪಡೆಯುವುದನ್ನು ಅವರು ಭಾವಶ್ರಮವೆಂದು ಕರೆದು, ಅದರಲ್ಲಿ ತುಟಿಯ ಮೇಲಷ್ಟೇ ನಗು ತರುವ ಮೇಲ್ಪದರದ ನಟನೆ ಮತ್ತು ಆ ಪ್ರಸನ್ನತೆಯನ್ನು ಒಳಗೇ ಹುಟ್ಟಿಸಿಕೊಳ್ಳುವ ಆಳದ ನಟನೆ ಎಂಬ ಎರಡು ಬಗೆಗಳನ್ನು ಗುರುತಿಸಿದರು. ಎರಡನೆಯದನ್ನು ವಿವರಿಸಲು ರಷ್ಯಾದ ರಂಗಗುರು ಸ್ತಾನಿಸ್ಲಾವ್‌ಸ್ಕಿಯ ನೆರವು ಪಡೆದರು. ಕಾಲ್ ಸೆಂಟರಿನಲ್ಲಿ ಬೈಗುಳ ಕೇಳುತ್ತಲೇ ‘ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್’ ಎಂದು ಕರಗಿದ ದನಿಯಲ್ಲಿ ಹೇಳುವ ಯುವತಿ ದಿನವಿಡೀ ಮಾಡುವುದು ಪ್ರತಿ ಕರೆಯ ಕೊನೆಗೆ ಅಂಕ ಬೀಳುವ ಅಭಿನಯವನ್ನೇ. ಸಂಜೆ ಹನುಮಂತನಗರದ ತಾಲೀಮಿಗೆ ಬಂದಾಗ ನಿರ್ದೇಶಕ ‘ಇನ್ನಷ್ಟು ಒಳಗಿನಿಂದ ಬರಲಿ’ ಎಂದರೆ, ಒಳಗೆ ಇದ್ದದ್ದನ್ನೆಲ್ಲ ಹಗಲೇ ಗಿರಾಕಿಗಳಿಗೆ ಹಂಚಿ ಬಂದ ಅವಳಿಗೆ ಗಂಟಲು ನೋವಿನ ಮಾತ್ರೆಯೇ ಗತಿ. ಅಲ್ಲಿಂದ ಪಿ.ಜಿ.ಗೆ ಮರಳುವ ಹೊತ್ತಿನ ಚಿಂತೆಯೂ ಅವಳಿಗೆ ಹೆಚ್ಚು: ಗೇಟು ಹತ್ತಕ್ಕೆ ಮುಚ್ಚುತ್ತದೆ, ಪ್ಯಾಕಪ್ ಹತ್ತೂವರೆಗೆ ಆಗುತ್ತದೆ, ಮತ್ತು ಶೂಟಿಂಗಿತ್ತೆಂಬ ವಿವರಣೆ ಪಿ.ಜಿ. ಮಾಲೀಕರ ಅನುಮಾನವನ್ನು ಕಡಿಮೆ ಮಾಡುವುದರ ಬದಲು ಹೆಚ್ಚಿಸುತ್ತದೆ.

ದನಿಗೆ ದೊರೆತ ಒಂದು ಹೊಸ ಮಾರುಕಟ್ಟೆಯನ್ನೂ ಇಲ್ಲಿ ಹೇಳಬೇಕು. ಪರಭಾಷಾ ಚಿತ್ರಗಳ ಡಬ್ಬಿಂಗಿಗೆ ಕನ್ನಡ ಚಿತ್ರೋದ್ಯಮ ದಶಕಗಳ ಕಾಲ ಒಡ್ಡಿದ್ದ ತಡೆ, ಸ್ಪರ್ಧಾ ಆಯೋಗದ 2015ರ ಆದೇಶದ ನಂತರ ಸಡಿಲಗೊಂಡಿತು. ಸ್ಥಳೀಯ ಕಲಾವಿದರ ಅನ್ನಕ್ಕೆ ಕುತ್ತೆಂದು ವಿರೋಧಿಸಲಾಗಿದ್ದ ಕೆಲಸವೇ ಈಗ ಪಾತ್ರ ಸಿಗದ ಅನೇಕ ನಟರ ಬಾಡಿಗೆ ಕಟ್ಟುತ್ತಿದೆ. ಡಬ್ಬಿಂಗ್ ಕೋಣೆಗೆ ಗಡ್ಡದ ಹಂಗಿಲ್ಲ.

ಹವ್ಯಾಸಿ ತಂಡಗಳಲ್ಲಿ ಪಾತ್ರ ಹಂಚಿಕೆಯ ಮೇಲೂ ರಜೆಯ ನೆರಳು ಬಿದ್ದಿದೆ. ತುಘಲಕನಂಥ ಉದ್ದದ ಪಾತ್ರವನ್ನು ಯೋಗ್ಯತೆ ನೋಡಿ ಕೊಡಬೇಕೆಂಬುದು ಶಾಸ್ತ್ರ. ಶನಿವಾರ ಯಾರಿಗೆ ರಜೆಯೋ ಅವರೇ ಸುಲ್ತಾನರಾಗುವುದು ಈಗಿನ ರೂಢಿ. ಶಂಕರ್ ನಾಗ್ ನೆನಪಿಗೆ 2004ರಲ್ಲಿ ಜೆ.ಪಿ. ನಗರದಲ್ಲಿ ತೆರೆದ ರಂಗಶಂಕರ, ಏಳೂವರೆಯ ನಾಟಕಕ್ಕೆ ತಡವಾಗಿ ಬಂದ ಪ್ರೇಕ್ಷಕರನ್ನು ಒಳಬಿಡದ ಶಿಸ್ತಿಗೆ ಹೆಸರಾಗಿದೆ; ಅದೇ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದ ದೂತನೋ ಮಂತ್ರಿಯೋ ಹೆಲ್ಮೆಟ್ಟಿನೊಳಗೇ ಮಾತುಗಳನ್ನು ಒಪ್ಪಿಸಿಕೊಳ್ಳುತ್ತ ಬರುತ್ತಿರುತ್ತಾನೆಂಬುದು ಸಭಾಂಗಣಕ್ಕೆ ತಿಳಿಯುವುದಿಲ್ಲ.

ಇಷ್ಟನ್ನೆಲ್ಲ ತಾಳಿಕೊಂಡು ಯಾರು ಉಳಿಯುತ್ತಾರೆಂಬ ಪ್ರಶ್ನೆಗೆ ಪ್ರತಿಭೆಯೊಂದೇ ಉತ್ತರವೆಂದು ನಂಬುವುದು ಕಷ್ಟ. ಬೆಂಗಳೂರಿನಲ್ಲೇ ಹೆತ್ತವರ ಮನೆಯಿರುವವನು ಮೂರು ವರ್ಷ ಕಾಯಬಲ್ಲ. ಕೊಪ್ಪಳದಿಂದಲೋ ಬೀದರಿನಿಂದಲೋ ಬಂದು, ಬಾಡಿಗೆಯ ಮುಂಗಡಕ್ಕೇ ಸಾಲ ಮಾಡಿ, ಅಪ್ಪನ ಫೋನಿಗೆ ಪ್ರತಿ ಭಾನುವಾರ ‘ಮುಂದಿನ ತಿಂಗಳು ಟಿವಿಯೊಳಗ ಬರ್ತೀನ್ರಿ’ ಎಂದು ಹೇಳಬೇಕಾದವನು ಅಷ್ಟು ಕಾಯಲಾರ. ಕಾದರೂ, ಆಡಿಷನ್ನಿನಲ್ಲಿ ಅವನ ಮಾತಿನ ಧಾಟಿಯನ್ನು ಕೇಳಿದವರು ನಾಯಕನ ಸಾಲನ್ನು ಪಕ್ಕಕ್ಕಿಟ್ಟು ಹಾಸ್ಯದ ಸಾಲನ್ನು ಕೈಗೆ ಕೊಡುವುದು ಅಪರೂಪವಲ್ಲ. ಹೀಗೆ ಬಾಡಿಗೆ, ರಜೆ ಮತ್ತು ಬಸ್ಸಿನ ಸಮಯಗಳು ಸೇರಿ ಯಾವ ಸೀಮೆಯ ಕನ್ನಡ ಪರದೆಯ ಮೇಲೆ ಪ್ರೀತಿಸಬೇಕು, ಯಾವುದು ನಗಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡುತ್ತವೆ. ಧಾರಾವಾಹಿಗಳಲ್ಲಿ ಉತ್ತರ ಕರ್ನಾಟಕದ ನುಡಿ ಅಡುಗೆಯವನ, ಕಾನ್‌ಸ್ಟೇಬಲ್ಲಿನ, ಮನೆಗೆಲಸದವನ ಬಾಯಲ್ಲೇ ಹೆಚ್ಚಾಗಿ ಏಕೆ ಕೇಳಿಬರುತ್ತದೆಂದು ದೂರುವವರು ಸಂಭಾಷಣೆಕಾರನ ಜೊತೆಗೆ ಈ ಲೆಕ್ಕಪತ್ರವನ್ನೂ ಪರಿಶೀಲಿಸಬೇಕಾಗುತ್ತದೆ.